ಮೈಸೂರು, ಮಂಡ್ಯದ ಮನೆಗೆ ಇವಿ ಚಾರ್ಜರ್: ಲೋಡ್‌ನಿಂದ ಅರ್ಥಿಂಗ್‌ವರೆಗೆ ಪೂರ್ತಿ ಮಾರ್ಗದರ್ಶಿ

ಎಲೆಕ್ಟ್ರಿಕ್ ಕಾರು ಬುಕ್ ಮಾಡುವಾಗ ಶೋರೂಮಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ. "ಚಾರ್ಜರ್ ಬಗ್ಗೆ ಯೋಚನೆ ಬಿಡಿ ಸಾರ್, ನಮ್ಮ ಹುಡುಗರು ಬಂದು ಹಾಕಿ ಹೋಗ್ತಾರೆ." ಅವರು ಹಾಕಿ ಹೋಗುವುದು ಗೋಡೆ ಮೇಲಿನ ಡಬ್ಬಿಯನ್ನು. ಅದಕ್ಕೆ ಕರೆಂಟ್ ತರುವ ಕೇಬಲ್, ಅರ್ಥಿಂಗ್, ಮಂಜೂರಾದ ಲೋಡ್, ಆಮೇಲೆ ಬರುವ ಬಿಲ್ಲು ಎಲ್ಲವೂ ಮನೆಯವರ ತಲೆ ಮೇಲೆ.

ಹಾಗಾಗಿ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಚಾರ್ಜರನ್ನು ಕೊನೆಗೆ ಕೊಳ್ಳಿ. ಮೊದಲು ಬಿಲ್ಲು ನೋಡಿ, ಆಮೇಲೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ, ಆಮೇಲೆ ವೈರಿಂಗ್ ಮಾಡಿಸಿ. ಇನ್ನೊಂದು ಮಾತು: ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ 7 ಕಿಲೋವ್ಯಾಟ್‌ನ ದೊಡ್ಡ ಚಾರ್ಜರ್ ಬೇಕಾಗಿಯೇ ಇಲ್ಲ. ಯಾಕೆ ಅನ್ನುವುದು ಲೆಕ್ಕ ಮಾಡುವಾಗ ಗೊತ್ತಾಗುತ್ತದೆ.

ಲೈಸೆನ್ಸ್ ಬೇಕಾ?

ಬೇಡ. ಗಾಡಿ ಚಾರ್ಜ್ ಮಾಡಲು ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಮನೆಯಲ್ಲಿ, ಆಫೀಸಿನಲ್ಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು. ಮನೆ ಬಳಕೆಗೆ ಇರುವ ದರವೇ ಮನೆಯ ಚಾರ್ಜಿಂಗಿಗೂ ಅನ್ವಯ ಅನ್ನುವುದು ಸಚಿವಾಲಯದ ಮಾರ್ಗಸೂಚಿ. ನಿಮ್ಮ ಸ್ವಂತ ಗಾಡಿಗೆ ಸ್ವಂತ ಮನೆಯಲ್ಲಿ ಪಾಯಿಂಟ್ ಹಾಕಿಸಿಕೊಳ್ಳುವುದಕ್ಕೆ ಯಾರೂ ತಡೆಯುವಂತಿಲ್ಲ.

ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಯಾರಿಗೂ ಹೇಳಬೇಕಿಲ್ಲ ಅಂತಲ್ಲ. ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಮಂಜೂರಾಗಿರುತ್ತದೆ. ಅದನ್ನು ಮೀರಿ ಎಳೆದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಅಡಿ ಅನಧಿಕೃತ ಬಳಕೆ ಅಂತ ಲೆಕ್ಕ ಹಾಕಲು ಅವಕಾಶವಿದೆ. ಆಗ ದರ ಎರಡು ಪಟ್ಟು.

ಮೊದಲ ಕೆಲಸ: ಬಿಲ್ಲು ಕೈಗೆ ತಗೊಳ್ಳಿ

ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್ ವ್ಯಾಪ್ತಿಗೆ ಬರುತ್ತವೆ. ಬಿಲ್ಲಿನಲ್ಲಿ ನೀವು ನೋಡಬೇಕಾದದ್ದು ನಾಲ್ಕು ವಿಷಯ. ಆರ್‌ಆರ್ ನಂಬರ್, ಅಂದರೆ ಸಂಪರ್ಕದ ಗುರುತಿನ ಸಂಖ್ಯೆ ಯಾರ ಹೆಸರಲ್ಲಿದೆ, ಯಾವ ದರಪಟ್ಟಿ, ಮಂಜೂರಾದ ಲೋಡ್ ಎಷ್ಟು, ಮತ್ತು ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆ, ಅಂದರೆ ಎಂಡಿ ಎಷ್ಟು.

ಆರ್‌ಆರ್ ನಂಬರ್ ವಿಷಯ ಸಣ್ಣದು ಅನ್ನಿಸುತ್ತದೆ. ಆದರೆ ಅರ್ಜಿ ನಿಲ್ಲುವುದು ಎಷ್ಟೋ ಸಲ ಅಲ್ಲೇ. ಕುವೆಂಪುನಗರ, ಸರಸ್ವತಿಪುರಂನಂಥ ಹಳೆ ಬಡಾವಣೆಗಳಲ್ಲಿ ತೀರಿಹೋದ ತಾತನ ಹೆಸರಲ್ಲೇ ಮೀಟರ್ ಇರುವ ಮನೆಗಳಿವೆ. ಖಾತೆ ಮಗನಿಗೆ ಬಂದಿರುತ್ತದೆ, ಮೀಟರ್ ಬಂದಿರುವುದಿಲ್ಲ. ಅಂಥ ಮನೆಯವರು ಮೊದಲು ಹೆಸರು ಬದಲಾವಣೆ ಮಾಡಿಸಿಕೊಳ್ಳಿ. ಲೋಡ್ ಆಮೇಲೆ.

ಮಂಜೂರಾದ ಲೋಡ್ 2 ಅಥವಾ 3 ಕಿಲೋವ್ಯಾಟ್ ಇದ್ದು, ಎಂಡಿ ಈಗಲೇ ಎರಡರ ಹತ್ತಿರ ಇದ್ದರೆ ಅರ್ಥ ಇಷ್ಟೇ: ಗೀಸರ್, ಮೋಟರ್, ಮಿಕ್ಸಿ ಒಟ್ಟಿಗೆ ಓಡುವಾಗಲೇ ಮನೆ ತುಂಬಿಹೋಗಿದೆ. ಅದರ ಮೇಲೆ ಕಾರು ಕೂರಿಸಲು ಜಾಗ ಇಲ್ಲ. ಹಳೆ ಕಾಗದಗಳಲ್ಲಿ ಲೋಡ್ ಎಚ್‌ಪಿಯಲ್ಲಿ ಬರೆದಿದ್ದರೆ 0.746ರಿಂದ ಗುಣಿಸಿ, ಕಿಲೋವ್ಯಾಟ್ ಬರುತ್ತದೆ.

ಎರಡನೆಯದು: ದಿನಕ್ಕೆ ಎಷ್ಟು ಓಡಿಸುತ್ತೀರಿ?

ಸ್ಕೂಟರ್ ಇದ್ದವರು ನಿರಾಳವಾಗಿರಬಹುದು. ಅದರ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟ್ ಒಳಗೇ ಇರುತ್ತದೆ, ಇಸ್ತ್ರಿಪೆಟ್ಟಿಗೆಯಷ್ಟು. ದಿನಕ್ಕೆ 30 ಕಿ.ಮೀ. ಓಡಿಸಿದರೂ ತಿಂಗಳಿಗೆ 25ರಿಂದ 30 ಯೂನಿಟ್ ಆದೀತು. ಒಳ್ಳೆಯ ಅರ್ಥಿಂಗ್ ಇರುವ, ಬೇರೇನೂ ಸೇರಿಸದ ಒಂದು ಸಾಕೆಟ್ ಸಾಕು. ಲೋಡ್ ಹೆಚ್ಚಿಸುವ ಅಗತ್ಯ ಬಹಳ ಮನೆಗಳಿಗೆ ಬರುವುದಿಲ್ಲ.

ಕಾರಿನ ಲೆಕ್ಕ ಬೇರೆ. ಸಣ್ಣ ಕಾರು ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳಿ. ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುವವರಿಗೆ ಎರಡೂ ಕಡೆ ಸೇರಿ ಸುಮಾರು 90 ಕಿ.ಮೀ. ಅಂದರೆ ದಿನಕ್ಕೆ 13 ಯೂನಿಟ್. ಕಾರಿನ ಜೊತೆ ಬರುವ 15 ಆಂಪ್ ಪ್ಲಗ್‌ನ ಚಾರ್ಜರ್ ಗಂಟೆಗೆ ಸುಮಾರು 3 ಯೂನಿಟ್ ತುಂಬಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಕಿದರೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮುಗಿಯಿತು. ನೀವು ಏಳುವುದೇ ಆರಕ್ಕೆ, ಅಲ್ವಾ? ಊರೊಳಗೆ ಬೋಗಾದಿಯಿಂದ ಹೆಬ್ಬಾಳಕ್ಕೆ ಓಡಾಡುವವರಿಗಂತೂ ಎರಡು ಮೂರು ದಿನಕ್ಕೊಮ್ಮೆ ಹಾಕಿದರೆ ಸಾಕು.

7.4 ಕಿಲೋವ್ಯಾಟ್‌ನ ವಾಲ್ ಬಾಕ್ಸ್, ಅಂದರೆ ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್, 32 ಆಂಪ್ ಎಳೆಯುತ್ತದೆ. ಅದನ್ನು ಸೇರಿಸಿದರೆ ಮನೆಯ ಲೋಡ್ 10 ಕಿಲೋವ್ಯಾಟ್ ಮುಟ್ಟುತ್ತದೆ. ಸಿಂಗಲ್ ಫೇಸ್ ಮನೆಯಾದರೆ ತ್ರೀ ಫೇಸ್ ಮಾಡಿಸಬೇಕು, ಸರ್ವೀಸ್ ವೈರ್‌ನಿಂದ ಮೀಟರ್ ಬೋರ್ಡ್‌ವರೆಗೆ ಬದಲಾಗಬೇಕು. ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. 2025-26ರ ದರದಲ್ಲಿ ಮನೆ ಸಂಪರ್ಕಕ್ಕೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಲೋಡ್ ಮೂರರಿಂದ ಹತ್ತಕ್ಕೆ ಹೋದರೆ 7 ಕಿಲೋವ್ಯಾಟ್‌ಗೆ 1,015 ರೂಪಾಯಿ ಜಾಸ್ತಿ. ಕಾರು ಓಡಿಸಿದರೂ, ಓಡಿಸದಿದ್ದರೂ. ರಾತ್ರಿಯಿಡೀ ಗೇಟಿನೊಳಗೆ ನಿಲ್ಲುವ ಗಾಡಿಗೆ ಇದನ್ನು ಸುಮ್ನೆ ಯಾಕೆ ಕಟ್ಟಬೇಕು?

ದೊಡ್ಡ ಬ್ಯಾಟರಿಯ ಕಾರು ಇದ್ದು ದಿನಾ ಇನ್ನೂರು ಕಿ.ಮೀ. ಓಡಿಸುವವರಿಗೆ, ಮನೆಯಲ್ಲಿ ಎರಡು ಇವಿ ಕಾರು ಇರುವವರಿಗೆ, ಈಗಾಗಲೇ ತ್ರೀ ಫೇಸ್ ಇರುವವರಿಗೆ 7.4 ಸರಿ. ಉಳಿದವರು 15 ಆಂಪ್ ಪ್ಲಗ್‌ನ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಶುರು ಮಾಡಿ. ಕೇಬಲ್ ಮಾತ್ರ ಮುಂದಿನ ದಿನಕ್ಕೆ ಆಗುವಂತೆ ದಪ್ಪನೆಯದು ಎಳೆಸಿಡಿ.

ಗೃಹಜ್ಯೋತಿ ಇದ್ದ ಮನೆಯವರು ಇಲ್ಲಿ ನಿಧಾನವಾಗಿ ಓದಿ

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ಹೇಳುತ್ತಾರೆ. ಅದು ಗರಿಷ್ಠ ಮಿತಿ. ನಿಮ್ಮ ಮನೆಯ ಪಾಲು ಸಾಮಾನ್ಯವಾಗಿ 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಅದನ್ನು ಮೀರಿ 200ರ ಒಳಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ.

ಒಂದು ಮನೆ ತಗೊಳ್ಳೋಣ. ಸರಾಸರಿ 80 ಯೂನಿಟ್, ಪಾಲು 88. ಈಗ ಬಿಲ್ಲು ಸೊನ್ನೆ. ಸ್ಕೂಟರ್ ಬಂದು 28 ಯೂನಿಟ್ ಸೇರಿದರೆ 108, ಅಂದರೆ 20 ಯೂನಿಟ್‌ನ ಹಣ ಕಟ್ಟಿದರೆ ಆಯಿತು. ಅದೇ ಮನೆಗೆ ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಬಂದರೆ ಸುಮಾರು 143 ಯೂನಿಟ್ ಸೇರುತ್ತದೆ. ಒಟ್ಟು 223. ಸೊನ್ನೆ ಬಿಲ್ಲು ಹೋಯಿತು. 2025-26ರ ದರ ಯೂನಿಟ್‌ಗೆ 5.80 ರೂಪಾಯಿ. ಬರೀ ಯೂನಿಟ್‌ಗೇ 1,293 ಆಯಿತು. ಅದರ ಮೇಲೆ ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ, ತೆರಿಗೆ.

ಇದನ್ನು ನೋಡಿ ಹೆದರಬೇಕಿಲ್ಲ. ಸಾವಿರ ಕಿ.ಮೀ.ಗೆ ಪೆಟ್ರೋಲ್ ಕಾರು ಆರೇಳು ಸಾವಿರ ರೂಪಾಯಿ ಕುಡಿಯುತ್ತದೆ. ಇವಿ ಆಗಲೂ ಅಗ್ಗವೇ. ಆದರೆ ಮನೆಯಲ್ಲಿ ಅಪ್ಪ ಅಮ್ಮ ಸೊನ್ನೆ ಬಿಲ್ಲಿಗೆ ಒಗ್ಗಿಹೋಗಿರುತ್ತಾರೆ. ಮೊದಲೇ ಹೇಳಿಟ್ಟರೆ ಮೊದಲ ತಿಂಗಳು ಮನೆಯಲ್ಲಿ ಗಲಾಟೆ ಆಗುವುದಿಲ್ಲ.

ಅದೇ ಮೀಟರಾ, ಬೇರೆ ಮೀಟರಾ?

2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ತಿದ್ದುಪಡಿ ತಂದಿತು. ಇವಿ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಈಗ ಗ್ರಾಹಕನಿಗೆ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲೂ ಇವಿ ಚಾರ್ಜಿಂಗಿಗೆ ಬೇರೆಯೇ ವರ್ಗವಿದೆ.

ಬೇರೆ ಮೀಟರ್‌ನ ಲಾಭ ಸ್ಪಷ್ಟ. ಕಾರಿನ ಯೂನಿಟ್ ಮನೆ ಮೀಟರಿಗೆ ಬರುವುದಿಲ್ಲ, ಹಾಗಾಗಿ ಮನೆಯ ಗೃಹಜ್ಯೋತಿ ಲೆಕ್ಕ ಕೆಡುವುದಿಲ್ಲ. ಕಾರಿಗೆ ಎಷ್ಟು ಹೋಯಿತು ಅನ್ನುವುದೂ ಕನ್ನಡಿಯಷ್ಟು ಸ್ಪಷ್ಟ. ಕಷ್ಟ ಎಲ್ಲಿ ಅಂದರೆ, ಅದು ಹೊಸ ಸಂಪರ್ಕ. ಹೊಸ ಸಂಪರ್ಕ ಅಂದ ಕೂಡಲೇ ಕಟ್ಟಡದ ಸ್ವಾಧೀನಾನುಭವ ಪತ್ರ, ಅಂದರೆ ಒಸಿ ಪ್ರಶ್ನೆ ಏಳಬಹುದು. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕರ್ನಾಟಕದಲ್ಲಿ ಒಸಿ ಇಲ್ಲದ ಎಷ್ಟೋ ಮನೆಗಳ ಹೊಸ ಮೀಟರ್ ಅರ್ಜಿ ಇದೇ ಕಾರಣಕ್ಕೆ ನಿಂತಿದ್ದವು. ಅರ್ಜಿ ಹಾಕುವ ಮೊದಲೇ ಸೆಸ್ಕ್‌ನ ಸಬ್ ಡಿವಿಷನ್ ಆಫೀಸಿನಲ್ಲಿ ಎರಡು ಪ್ರಶ್ನೆ ಕೇಳಿ: ನನ್ನ ಮನೆಗೆ ಇವಿ ಮೀಟರ್ ಕೊಟ್ಟರೆ ಯಾವ ದರಪಟ್ಟಿ, ಯಾವ ಯಾವ ಕಾಗದ ಬೇಕು? ಉತ್ತರವನ್ನು ಬರೆಸಿಕೊಳ್ಳಿ.

ನನ್ನ ಲೆಕ್ಕದಲ್ಲಿ ಸ್ಕೂಟರ್ ಮನೆಗೆ ಬೇರೆ ಮೀಟರ್ ದುಡ್ಡು ದಂಡ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ, ಗೃಹಜ್ಯೋತಿ ಇರುವ, ಒಸಿ ಇರುವ ಮನೆಗೆ ಖಂಡಿತ ವಿಚಾರಿಸಬೇಕಾದ ದಾರಿ. ಒಸಿ ಇಲ್ಲದವರು ಇದ್ದ ಮೀಟರಿನ ಲೋಡ್ ಹೆಚ್ಚಿಸುವ ದಾರಿಯನ್ನೇ ಮೊದಲು ಕೇಳಿ ನೋಡುವುದು ಒಳ್ಳೆಯದು.

ಅರ್ಜಿ ಹಾಕುವುದು

ಇದನ್ನು ನೀವೇ ಓಡಾಡಿ ಮಾಡಬೇಕಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಹಿಡಿಯಿರಿ. ವೈರಿಂಗ್ ಮುಗಿದ ವರದಿಗೆ ಅವರ ಸಹಿ ಬೇಕೇ ಬೇಕು. ಬೀದಿಯಲ್ಲಿ ಫ್ಯಾನ್ ರಿಪೇರಿ ಮಾಡುವವರು ಕೈಚಳಕ ಇದ್ದವರೇ ಇರಬಹುದು, ಆದರೆ ಆ ಸಹಿ ಅವರಿಂದ ಆಗುವುದಿಲ್ಲ. ಗುರುತಿನ ಚೀಟಿ, ಖಾತೆ ಅಥವಾ ಕಂದಾಯ ಕಟ್ಟಿದ ರಸೀದಿ, ಇತ್ತೀಚಿನ ಬಿಲ್ಲು, ಕೊಳ್ಳಬೇಕೆಂದಿರುವ ಚಾರ್ಜರಿನ ಕಿಲೋವ್ಯಾಟ್ ವಿವರ ಇರುವ ಕಾಗದ ಒಂದು ಫೈಲಿಗೆ ಹಾಕಿ ಕೊಡಿ. ಬಾಕಿ ಇದ್ದರೆ ಮೊದಲು ತೀರಿಸಿ.

ಸೆಸ್ಕ್‌ನವರು ಬಂದು ಕಂಬದಿಂದ ಮೀಟರ್‌ವರೆಗೆ ನೋಡುತ್ತಾರೆ. ಹೆಚ್ಚುವರಿ ಲೋಡ್‌ಗೆ ಶುಲ್ಕ ಮತ್ತು ಠೇವಣಿ ಕಟ್ಟಿಸಿಕೊಳ್ಳುತ್ತಾರೆ. ಠೇವಣಿಗೆ ಬಡ್ಡಿ ಬರುತ್ತದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ. ಎಲ್ಲ ಕಾಗದ ಸರಿ ಇದ್ದರೆ ಹೊಸ ಸಂಪರ್ಕವನ್ನು ನಗರ, ಪಟ್ಟಣಗಳಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಕೊಡಬೇಕು ಅಂತ ಅದೇ 2024ರ ತಿದ್ದುಪಡಿ ಹೇಳುತ್ತದೆ. ಗಾಡಿ ಡೆಲಿವರಿ ದಿನಕ್ಕಿಂತ ಒಂದು ತಿಂಗಳು ಮುಂಚೆಯೇ ಅರ್ಜಿ ಒಳಗೆ ಹೋಗಿರಲಿ.

ವೈರಿಂಗ್: ದುಡ್ಡು ಉಳಿಸಬಾರದ ಜಾಗ

ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಕಾರಿಗೆ ಬಳಸುತ್ತಿದ್ದ ಸಾಕೆಟನ್ನು ಬಿಚ್ಚಿ ನೋಡಿದೆವು. ಹೊರಗಿನಿಂದ ಬಿಳಿ ಪ್ಲೇಟು ಚೆನ್ನಾಗಿಯೇ ಇತ್ತು. ಬಲಗಡೆ ತೂತಿನ ಸುತ್ತ ಮಾತ್ರ ಟೀ ಚೆಲ್ಲಿದಂಥ ಕಂದು ಬಣ್ಣ. ಒಳಗೆ ಹಿತ್ತಾಳೆಯ ಹಿಡಿ ಕಪ್ಪಾಗಿತ್ತು, ವೈರಿನ ಮೇಲಿನ ಪ್ಲಾಸ್ಟಿಕ್ ಒಂದಿಂಚು ಕರಗಿ ಹಿಂದಕ್ಕೆ ಸರಿದಿತ್ತು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಒಂದು ಸಲವೂ ಬಿದ್ದಿರಲಿಲ್ಲ. ಬೀಳುವ ಕಾರಣವೂ ಇರಲಿಲ್ಲ. ಕಾರು ಎಳೆಯುತ್ತಿದ್ದದ್ದು ಮಿತಿಯೊಳಗಿನ ಕರೆಂಟೇ. ಸಡಿಲವಾದ ಸ್ಕ್ರೂ ಹತ್ತಿರ ಬಿಸಿ ಏರುತ್ತಾ ಹೋಗಿತ್ತು, ಅಷ್ಟೇ. ಗೀಸರ್ ಇಪ್ಪತ್ತು ನಿಮಿಷಕ್ಕೆ ಆರುತ್ತದೆ. ಕಾರು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಮನೆಯ ಬೇರೆ ಯಾವ ಸಾಮಾನೂ ಸಾಕೆಟ್‌ಗೆ ಇಷ್ಟು ಹೊತ್ತು ಇಂಥ ಪರೀಕ್ಷೆ ಕೊಡುವುದಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಚಾರ್ಜಿಂಗ್ ಪಾಯಿಂಟ್‌ಗೆ ಬೇಕಾದದ್ದನ್ನು ವಿವರವಾಗಿ ಬರೆದಿದ್ದಾರೆ. ಮನೆಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಪ್ರತಿ ಪಾಯಿಂಟ್‌ಗೂ ಬೋರ್ಡಿನಿಂದ ಅದರದ್ದೇ ಪ್ರತ್ಯೇಕ ಲೈನು. ಅದಕ್ಕೆ ಸ್ವಂತ ಎಂಸಿಬಿ. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ, 30 ಮಿಲಿಆಂಪ್ ಮೀರದ್ದು, ಕನಿಷ್ಠ ಟೈಪ್ ಎ. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರ. ಗಾಡಿ ನಿಂತಾಗ ಅದರ ಚಾರ್ಜಿಂಗ್ ಬಾಯಿ ಪಾಯಿಂಟ್‌ನಿಂದ 5 ಮೀಟರ್ ಒಳಗೆ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವಂತಿಲ್ಲ.

ಟೈಪ್ ಎ ಅನ್ನುವುದನ್ನು ಅಂಗಡಿಯಲ್ಲಿ ಒತ್ತಿ ಹೇಳಿ. ಸುಮ್ನೆ ಆರ್‌ಸಿಸಿಬಿ ಕೊಡಿ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಟೈಪ್ ಎಸಿ. ಮುಖದ ಮೇಲಿನ ಸಣ್ಣ ಚೌಕ ನೋಡಿ. ಒಂದೇ ಅಲೆ ಇದ್ದರೆ ಎಸಿ. ಅಲೆಯ ಕೆಳಗೆ ಅರ್ಧ ಗುಮ್ಮಟದಂಥ ಗೆರೆಗಳೂ ಇದ್ದರೆ ಎ. ವಾಲ್ ಬಾಕ್ಸ್ ಒಳಗೆ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ಟೈಪ್ ಬಿ ಬೇಕು, ಅದು ದುಬಾರಿ. ಹಾಗಾಗಿ ಚಾರ್ಜರ್ ಕೊಳ್ಳುವಾಗಲೇ ಆ ವ್ಯವಸ್ಥೆ ಇದೆಯಾ ಅಂತ ಕೇಳಿ.

ಕೇಬಲ್ ತಾಮ್ರದ್ದೇ ಆಗಿರಲಿ. 16 ಆಂಪ್ ಪಾಯಿಂಟ್‌ಗೆ 4 ಚದರ ಮಿ.ಮೀ. ಮತ್ತು 20 ಆಂಪ್ ಎಂಸಿಬಿ. 32 ಆಂಪ್‌ಗೆ 6 ಚದರ ಮಿ.ಮೀ. ಮತ್ತು 40 ಆಂಪ್ ಎಂಸಿಬಿ. ಮೀಟರ್ ಮನೆ ಮುಂದೆ, ಗಾಡಿ ಹಿತ್ತಲಲ್ಲಿ ಅಂತ ದೂರ ಜಾಸ್ತಿ ಇದ್ದರೆ 10ಕ್ಕೆ ಹೋಗಿ. ಸಾಕೆಟ್ ಅಡುಗೆಮನೆಯ ಬಿಳಿ ಸಾಕೆಟ್ ಬೇಡ, ಇಂಡಸ್ಟ್ರಿಯಲ್ ನೀಲಿ ಸಾಕೆಟ್ ಅಥವಾ ಗಾಡಿ ಕಂಪನಿ ಹೇಳಿದ್ದೇ ಇರಲಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಟಿವಿ, ಮೋಡೆಮ್ ಸುಡುವುದು ಗೊತ್ತೇ ಇದೆ. ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಕಾರಿನೊಳಗಿನ ಚಾರ್ಜರ್ ಬೆಲೆಯ ಮುಂದೆ ಅದು ಏನೇನೂ ಅಲ್ಲ.

ಅರ್ಥಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗುವುದೇ ಇಲ್ಲ, ಕೆಂಪು ದೀಪ ತೋರಿಸಿ ಕೂರುತ್ತವೆ. ಚಾಮುಂಡಿಪುರಂ, ಕೃಷ್ಣಮೂರ್ತಿಪುರಂನ ಹಳೆ ಮನೆಗಳಲ್ಲಿ ಅರ್ಥ್ ವೈರ್ ಸಾಕೆಟ್‌ವರೆಗೆ ಬಂದೇ ಇರುವುದಿಲ್ಲ, ಅಥವಾ ನೀರಿನ ಪೈಪಿಗೆ ಕಟ್ಟಿ ಬಿಟ್ಟಿರುತ್ತಾರೆ. ಆ ಪೈಪು ಈಗ ಪಿವಿಸಿ ಆಗಿರುತ್ತದೆ. ಚಾರ್ಜರಿಗೆ ಹೊಸ ಅರ್ಥ್ ಪಿಟ್ ಹೊಡೆಸಿ. ಮಂಡ್ಯದ ನಾಲೆ ಬಯಲಿನ ತೇವದ ಮಣ್ಣಿನಲ್ಲಿ ಒಂದು ಪಿಟ್ ಚೆನ್ನಾಗಿ ಕೂರುತ್ತದೆ. ಬಂಡೆ ಬೇಗ ಸಿಗುವ ಒಣ ಜಾಗದಲ್ಲಿ ಎರಡು ಪಿಟ್ ಹೊಡೆದು ಸೇರಿಸಬೇಕಾಗಬಹುದು. ಕಾಂಟ್ರಾಕ್ಟರ್ ಅರ್ಥ್ ಟೆಸ್ಟರ್ ಇಟ್ಟು 5 ಓಮ್ ಒಳಗೆ ತೋರಿಸಲಿ. ನ್ಯೂಟ್ರಲ್, ಅರ್ಥ್ ನಡುವೆ ಮಲ್ಟಿಮೀಟರ್ ಎರಡು ಮೂರು ವೋಲ್ಟ್ ಮೀರಬಾರದು. ಬೇಸಿಗೆಯಲ್ಲಿ ಪಿಟ್‌ಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹಾಕಿ.

ಗಾಡಿ ನಿಲ್ಲುವ ಜಾಗ

ಸ್ಕೂಟರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಚಾರ್ಜ್ ಮಾಡುವುದು ನಮ್ಮಲ್ಲಿ ಬಹಳ ಸಾಮಾನ್ಯ. ದಯವಿಟ್ಟು ಬೇಡ. ಮೇಲಿನ ಮನೆಯವರು ಇಳಿದು ಬರುವ ಒಂದೇ ದಾರಿ ಅದು. ಬೆಂಕಿ ಅಪರೂಪ, ಆದರೆ ಆ ದಿನ ಬಂದರೆ ದಾರಿಯೇ ಮುಚ್ಚಿಹೋಗುತ್ತದೆ. ಗ್ಯಾಸ್ ಸಿಲಿಂಡರ್, ಹಳೆ ಪೇಪರ್ ರಾಶಿ ಪಕ್ಕವೂ ಬೇಡ. ಬಿಚ್ಚುವ ಬ್ಯಾಟರಿ ಇದ್ದರೆ ಮಲಗುವ ಕೋಣೆಗೆ ತರಬೇಡಿ.

ಕಾರು ರಸ್ತೆಯಲ್ಲೇ ನಿಲ್ಲುವ ಮನೆಯವರಿಗೆ ಸುಲಭದ ಉತ್ತರ ಇಲ್ಲ. ಕಿಟಕಿಯಿಂದ ಫುಟ್‌ಪಾತ್ ಮೇಲೆ ಕೇಬಲ್ ಎಳೆಯುವುದು ನಡೆಯುವವರಿಗೆ ಅಪಾಯ. ಕಾಂಪೌಂಡ್ ಒಳಗೆ ಬಾಡಿಗೆ ಪಾರ್ಕಿಂಗ್ ಹುಡುಕಿ, ಇಲ್ಲವೇ ಆಫೀಸಿನಲ್ಲಿ ಚಾರ್ಜ್ ಮಾಡುವ ಏರ್ಪಾಡು ಇರಲಿ.

ಅಪಾರ್ಟ್‌ಮೆಂಟ್, ಬಾಡಿಗೆ ಮನೆ

ಬಾಡಿಗೆಯವರು ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಮನೆ ಬಿಡುವಾಗ ಕೇಬಲ್, ಚಾರ್ಜರ್ ಯಾರದು ಅನ್ನುವುದೂ ಅದರಲ್ಲಿರಲಿ.

ಅಪಾರ್ಟ್‌ಮೆಂಟಿನಲ್ಲಿ ಸಂಘದ ಜೊತೆ ಮಾತು ಅರ್ಜಿಗಿಂತ ಮೊದಲು ಆಗಬೇಕು. 2024ರ ತಿದ್ದುಪಡಿ ನಿಮ್ಮ ಪರವಾಗಿದೆ ನಿಜ. ಆದರೆ ಕೇಬಲ್ ಹೋಗುವುದು ಎಲ್ಲರ ಜಾಗದಲ್ಲಿ. ಒಬ್ಬೊಬ್ಬರೇ ಮನಸ್ಸಿಗೆ ಬಂದಂತೆ ವೈರ್ ಎಳೆದರೆ ಬೇಸ್‌ಮೆಂಟ್ ಜೇಡರ ಬಲೆಯಾಗುತ್ತದೆ. ಇವಿಗೆಂದೇ ಒಂದು ಬೋರ್ಡ್, ಅಲ್ಲಿಂದ ಒಬ್ಬೊಬ್ಬರಿಗೆ ಸಬ್ ಮೀಟರ್ ಅನ್ನುವ ಯೋಜನೆಯನ್ನು ಸಭೆಯ ಮುಂದಿಡಿ. ಮುಂದೆ ಹತ್ತು ಕಾರು ಬಂದರೂ ಅದು ತಡೆಯುತ್ತದೆ.

ಹಳ್ಳಿ ಮನೆ, ತೋಟದ ಮನೆ

ಮಂಡ್ಯದ ಕಡೆ ಇದೊಂದು ದೊಡ್ಡ ವಿಷಯ. ತೋಟದ ಪಂಪ್‌ಸೆಟ್ ಲೈನಿನಿಂದ ಸ್ಕೂಟರ್, ಕಾರು ಚಾರ್ಜ್ ಮಾಡಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ಕೊಡುವುದು ನೀರೆತ್ತಲು. ಬೇರೆ ಕೆಲಸಕ್ಕೆ ಬಳಸಿದರೆ ಆಗಲೇ ಹೇಳಿದ 126ನೇ ಸೆಕ್ಷನ್ ಬರುತ್ತದೆ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ 12 ತಿಂಗಳ ಲೆಕ್ಕ ಹಾಕುತ್ತಾರೆ.

ಹಳ್ಳಿ ಮನೆಗೆ ಸಿಂಗಲ್ ಫೇಸ್ 3.3 ಸಾಕು. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಚಾರ್ಜರ್ ನಿಂತುಬಿಡುತ್ತದೆ. ಊರು ಮಲಗಿದ ಮೇಲೆ ಹಾಕಿ ನೋಡಿ. ಆಗಲೂ ನಿಂತರೆ ಲಿಖಿತ ದೂರು ಕೊಡಿ. ಮನೆಗೆ ಕೊಡುವ ವೋಲ್ಟೇಜ್ ನಿಗದಿಗಿಂತ ಶೇ 6ಕ್ಕಿಂತ ಹೆಚ್ಚು ಇಳಿಯಬಾರದು.

ಚಾವಣಿ ಖಾಲಿ ಇದ್ದರೆ ಸೋಲಾರ್ ಬಗ್ಗೆಯೂ ವಿಚಾರಿಸಿ. 3 ಕಿಲೋವ್ಯಾಟ್‌ಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ. ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ, ಮಂಡ್ಯ-ಮೈಸೂರು ಓಡಾಟಕ್ಕೆ ಹೆಚ್ಚು ಕಡಿಮೆ ಅಷ್ಟೇ ಬೇಕು.

ಮೊದಲ ರಾತ್ರಿ, ಮೊದಲ ಬಿಲ್ಲು

ಮೊದಲ ಸಲ ಹಾಕಿದಾಗ ಮಲಗಿಬಿಡಬೇಡಿ. ಒಂದು ಗಂಟೆ ಆದ ಮೇಲೆ ಪ್ಲಗ್ ಮೇಲೆ, ಎಂಸಿಬಿ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆರಿಸಿ, ಕಾಂಟ್ರಾಕ್ಟರಿಗೆ ಫೋನ್ ಮಾಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅವತ್ತೇ ಬದಲಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ.

ಮೊದಲ ಬಿಲ್ಲು ಬಂದಾಗ ಹೊಸ ಲೋಡ್ ಏರಿದೆಯಾ, ಎಂಡಿ ಅದರೊಳಗೆ ಇದೆಯಾ ನೋಡಿ. ಗೀಸರ್, ಮೋಟರ್ ಹಾಕುವ ಹೊತ್ತಿನಲ್ಲಿ ಕಾರು ಚಾರ್ಜ್ ಆಗದಂತೆ ಆ್ಯಪ್‌ನಲ್ಲಿ ಸಮಯ ಇಟ್ಟರೆ ಎಂಡಿ ತಾನಾಗಿ ಇಳಿಯುತ್ತದೆ. ಬಿಲ್ಲಿನಲ್ಲಿ ತಪ್ಪು ಕಂಡರೆ 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಸಬ್ ಡಿವಿಷನ್‌ನ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.